ಗಿಡ ಬೆಳೆಯುವುದು ಹೇಗೆ, ಕಷ್ಟ ಬಂದಾಗ ತಡೆದುಕೊಳ್ಳುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡ ಬಾಡಿತು, ಎಲೆ ಉದುರಿತು, ಬೆಳವಣಿಗೆ ನಿಂತೇಹೋಯಿತು. ಇದನ್ನೆಲ್ಲ ಕಂಡ ಕೂಡಲೇ ಗಿಡ ಸೋಲುತ್ತಿದೆ ಎಂದು ನಮಗೆ ಗಾಬರಿಯಾಗುತ್ತದೆ. ಆದರೆ ಇವುಗಳಲ್ಲಿ ಎಷ್ಟೋ, ಬದುಕಿಕೊಳ್ಳಲು ಗಿಡ ತಾನೇ ಮಾಡುವ ಕೆಲಸಗಳು. ಅದು ಅರ್ಥವಾದರೆ ಯಾವಾಗ ಕೈಹಾಕಬೇಕು, ಯಾವಾಗ ಸುಮ್ಮನಿರಬೇಕು ಎಂಬುದೂ ತಿಳಿಯುತ್ತದೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಆ ದೃಷ್ಟಿಯಿಂದಲೇ ಇಲ್ಲಿ ಬಿಡಿಸಿದ್ದೇನೆ.

ಗಿಡದ ಮೈ ಯಾವುದರಿಂದ ಆಗಿದೆ? ಮಣ್ಣಿನಿಂದಲೇ ಅಲ್ವಾ?

ಮಣ್ಣಿನ ಪಾಲು ತೀರಾ ಕಡಿಮೆ. ಗಿಡದ ಮೈ ಬಹುಪಾಲು ಗಾಳಿ ಮತ್ತು ನೀರಿನಿಂದ ಆಗಿದೆ. ಇದನ್ನು ತೂಕ ಹಾಕಿಯೇ ನೋಡಿದವರಿದ್ದಾರೆ. ಬ್ರಸೆಲ್ಸ್‌ನ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಅವರು ಸುಮಾರು 90 ಕಿಲೋ ಒಣಮಣ್ಣಿನಲ್ಲಿ ಒಂದು ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದರು. ಕೊನೆಗೆ ತೂಗಿದಾಗ ಗಿಡ ಸುಮಾರು 75 ಕಿಲೋ ಹೆಚ್ಚಾಗಿತ್ತು. ಮಣ್ಣು ಕಡಿಮೆಯಾಗಿದ್ದು ಸುಮಾರು 60 ಗ್ರಾಂ ಅಷ್ಟೇ. ಈ ಪ್ರಯೋಗದ ವಿವರ ಅವರು ತೀರಿಕೊಂಡ ಮೇಲೆ, 1648ರಲ್ಲಿ ಅಚ್ಚಾಯಿತು. ಎಲ್ಲವೂ ನೀರಿನಿಂದಲೇ ಬಂತು ಎಂದು ಅವರು ತಿಳಿದರು. ಗಾಳಿಯ ಪಾಲು ಗೊತ್ತಾಗಲು ಇನ್ನೂ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಬೇರಿನಿಂದ ಬಂದ ನೀರು ಮತ್ತು ಬಿಸಿಲಿನ ಶಕ್ತಿ ಸೇರಿಸಿ ಸಕ್ಕರೆ ಮಾಡುತ್ತದೆ. ಗಿಡವನ್ನು ಪೂರ್ತಿ ಒಣಗಿಸಿ ತೂಗಿದರೆ ಶೇಕಡಾ 90ಕ್ಕಿಂತ ಹೆಚ್ಚು ಭಾಗ ಇಂಗಾಲ, ಆಮ್ಲಜನಕ, ಜಲಜನಕ ಈ ಮೂರೇ. ಮಣ್ಣಿನ ಪೋಷಕಾಂಶ ಉಳಿದ ಚೂರು ಭಾಗ. ಚೂರೇ ಆದರೂ ಅದಿಲ್ಲದೆ ಏನೂ ನಡೆಯುವುದಿಲ್ಲ.

ಬೆಳವಣಿಗೆ ಗಿಡದ ಯಾವ ಭಾಗದಲ್ಲಿ ನಡೆಯುತ್ತದೆ?

ಮುಖ್ಯವಾಗಿ ತುದಿಗಳಲ್ಲಿ. ಚಿಗುರಿನ ತುದಿ, ಬೇರಿನ ತುದಿ, ಎಲೆಯ ಕಂಕುಳಲ್ಲಿರುವ ಮೊಗ್ಗು. ಮರವಾದರೆ ತೊಗಟೆಯ ಒಳಗಡೆ ಒಂದು ತೆಳ್ಳನೆಯ ಹಸಿ ಪದರ ಇರುತ್ತದೆ, ಅದು ಕಾಂಡವನ್ನು ದಪ್ಪ ಮಾಡುತ್ತದೆ. ಮರದ ಕಾಂಡಕ್ಕೆ ಹೊಡೆದ ಮೊಳೆ ವರ್ಷಗಳ ನಂತರವೂ ಅದೇ ಎತ್ತರದಲ್ಲಿರುವುದು ಇದಕ್ಕೇ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ, ಮುಂದೆ ಎಲ್ಲ ಕಡೆ ಬೇಕಾಗುತ್ತದೆ. ಹೊಸ ಜೀವಕೋಶ ಹುಟ್ಟಿದ ಮೇಲೆ ಅದು ದೊಡ್ಡದಾಗುವುದು ಒಳಗೆ ತುಂಬಿಕೊಳ್ಳುವ ನೀರಿನ ಒತ್ತಡದಿಂದ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದಾಗ ಬಿಗಿಯಾಗುತ್ತದಲ್ಲ, ಹಾಗೆ. ನೀರು ಸ್ವಲ್ಪ ಕಡಿಮೆಯಾದರೂ ಆ ಬಿಗಿ ಇಳಿಯುತ್ತದೆ. ಹಾಗಾಗಿ ಬರದಲ್ಲಿ ಮೊದಲು ನಿಲ್ಲುವುದು ಬೆಳವಣಿಗೆ. ಎಲೆ ಬಾಡುವುದು ಆಮೇಲಿನ ಮಾತು. ಕಣ್ಣಿಗೆ ಗಿಡ ಚೆನ್ನಾಗಿಯೇ ಕಾಣುತ್ತಿರುತ್ತದೆ, ಹೊಸ ಎಲೆ ಮಾತ್ರ ಚಿಕ್ಕದಾಗಿ ಬರುತ್ತದೆ.

ಮಿದುಳು ಇಲ್ಲದ ಗಿಡಕ್ಕೆ ಎತ್ತ ಬೆಳೆಯಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಹಾರ್ಮೋನುಗಳಿಂದ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ 1880ರಲ್ಲಿ ಪ್ರಕಟಿಸಿದರು. ಮೊಳಕೆಯ ತುದಿಗೆ ಟೋಪಿ ಹಾಕಿದಂತೆ ಮುಚ್ಚಿದರೆ ಅದು ಬೆಳಕಿನ ಕಡೆ ಬಾಗುವುದಿಲ್ಲ. ಬೆಳಕನ್ನು ತಿಳಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಅಂದರೆ ನಡುವೆ ಏನೋ ಒಂದು ಸುದ್ದಿ ಇಳಿದು ಬರುತ್ತಿರಬೇಕು. ಆ ಸುದ್ದಿ ಒಂದು ರಾಸಾಯನಿಕ ಎಂದು 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ತೋರಿಸಿಕೊಟ್ಟರು. ಅದೇ ಆಕ್ಸಿನ್.

ಕುಡಿ ಚಿವುಟಿದರೆ ಗಿಡ ಪೊದೆಯಾಗುವುದಕ್ಕೂ ಆಕ್ಸಿನ್ ಒಂದು ಮುಖ್ಯ ಕಾರಣ. ತುದಿಯಿಂದ ಇಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಹೋದರೆ ತಡೆಯೂ ಹೋಯಿತು.

ಜಿಬ್ಬರೆಲಿನ್ ಉದ್ದ ಬೆಳೆಸುತ್ತದೆ, ಸೈಟೋಕೈನಿನ್ ಕೋಶಗಳು ಒಂದು ಎರಡಾಗಿ ಹೆಚ್ಚುವಂತೆ ಮಾಡುತ್ತದೆ, ಎಥಿಲೀನ್ ಅನಿಲ ಹಣ್ಣು ಮಾಗಿಸುತ್ತದೆ ಮತ್ತು ಎಲೆ ಉದುರಿಸುತ್ತದೆ. ಕಷ್ಟಕಾಲದ ಹಾರ್ಮೋನು ಬೇರೆಯೇ ಇದೆ, ಅದರ ಹೆಸರು ಅಬ್ಸಿಸಿಕ್ ಆಮ್ಲ.

ಗಿಡಕ್ಕೆ 'ಒತ್ತಡ' ಅಂದರೆ ಏನು?

ಬೆಳವಣಿಗೆಗೆ, ಹೂವು ಕಾಯಿಗೆ ಅಡ್ಡಿ ಮಾಡುವ ಯಾವುದೇ ಪರಿಸ್ಥಿತಿ. ಬರ, ಜವುಗು, ಸೆಕೆ, ಚಳಿ, ಸವಳು, ಪೋಷಕಾಂಶದ ಕೊರತೆ, ಅತಿಯಾದ ಅಥವಾ ಸಾಲದ ಬೆಳಕು, ಹುಳ, ರೋಗ.

ಪ್ರಾಣಿಯಾದರೆ ನೆರಳಿಗೆ ಹೋಗುತ್ತದೆ, ನೀರು ಹುಡುಕಿಕೊಂಡು ಹೋಗುತ್ತದೆ. ಗಿಡ ಮೊಳೆತ ಜಾಗದಲ್ಲೇ ಇರಬೇಕು. ಹಾಗಾಗಿ ಅದು ತನ್ನ ಮೈಯನ್ನೇ ಬದಲಿಸಿಕೊಳ್ಳುತ್ತದೆ. ಹಾಗೆ ಬದಲಾಗಲು ಸಕ್ಕರೆ ಬೇಕು, ಶಕ್ತಿ ಬೇಕು. ರಕ್ಷಣೆಗೆ ಹೋದದ್ದು ಬೆಳವಣಿಗೆಗೆ ಸಿಗುವುದಿಲ್ಲ. ಈ ಲೆಕ್ಕಾಚಾರ ಹಿಡಿದುಕೊಂಡರೆ ಗಿಡದ ನಡವಳಿಕೆ ಬಹಳಷ್ಟು ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

ನೀರು ಕಡಿಮೆಯಾದಾಗ ಗಿಡ ಏನೇನು ಮಾಡುತ್ತದೆ?

ಮೊದಲು ಬಾಗಿಲು ಹಾಕುತ್ತದೆ. ಎಲೆಯ ಮೇಲೆ, ಹೆಚ್ಚಾಗಿ ಅಡಿಭಾಗದಲ್ಲಿ, ಕಣ್ಣಿಗೆ ಕಾಣದ ಪತ್ರರಂಧ್ರಗಳಿರುತ್ತವೆ. ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರರಿಂದ ನೂರಾರು ಇರಬಹುದು. ಪ್ರತಿ ರಂಧ್ರಕ್ಕೆ ಎರಡು ಕಾವಲು ಕೋಶಗಳು. ಅವು ನೀರು ತುಂಬಿಕೊಂಡು ಉಬ್ಬಿದರೆ ರಂಧ್ರ ತೆರೆಯುತ್ತದೆ, ಸಡಿಲವಾದರೆ ಮುಚ್ಚುತ್ತದೆ.

ಮಣ್ಣು ಒಣಗತೊಡಗಿದಾಗ ಬೇರಿನಿಂದ ಎಲೆಗೆ ಸುದ್ದಿ ಹೋಗುತ್ತದೆ. ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ಈ ಸುದ್ದಿ ಒಯ್ಯುವ ಚಿಕ್ಕ ಪೆಪ್ಟೈಡ್ (ಪ್ರೋಟೀನಿನ ತುಣುಕಿನಂಥದ್ದು) ಒಂದನ್ನು 2018ರಲ್ಲಿ ಗುರುತಿಸಿದರು. ಸುದ್ದಿ ತಲುಪಿದಾಗ ಎಲೆಯಲ್ಲಿ ಅಬ್ಸಿಸಿಕ್ ಆಮ್ಲ ಏರುತ್ತದೆ. ಅದು ಕಾವಲು ಕೋಶಗಳಿಂದ ಪೊಟ್ಯಾಶಿಯಂ ಹೊರಗೆ ಹೋಗುವಂತೆ ಮಾಡುತ್ತದೆ. ಪೊಟ್ಯಾಶಿಯಂ ಹಿಂದೆ ನೀರೂ ಹೋಗುತ್ತದೆ. ರಂಧ್ರ ಮುಚ್ಚುತ್ತದೆ.

ಬರ ಮುಂದುವರಿದರೆ ನಿಧಾನದ ಕೆಲಸಗಳು ಶುರುವಾಗುತ್ತವೆ. ಮೇಲಿನ ಭಾಗ ಬೆಳೆಯುವುದು ನಿಂತರೂ ಬೇರು ಬೆಳೆಯುತ್ತಲೇ ಇರುತ್ತದೆ, ತೇವ ಇರುವ ಕಡೆ ತಿರುಗುತ್ತದೆ. ಜೀವಕೋಶಗಳು ಪ್ರೋಲಿನ್ ಎಂಬ ಅಮೈನೊ ಆಮ್ಲ, ಸಕ್ಕರೆಯಂಥ ವಸ್ತುಗಳನ್ನು ಕೂಡಿಟ್ಟು ನೀರನ್ನು ಒಳಗೇ ಹಿಡಿದುಕೊಳ್ಳುತ್ತವೆ. ಎಲೆಯ ಮೇಲಿನ ಮೇಣದ ಪದರ ದಪ್ಪವಾಗುತ್ತದೆ. ಜೋಳ, ಭತ್ತದಂಥವು ಎಲೆ ಸುರುಳಿ ಸುತ್ತಿಕೊಂಡು ಬಿಸಿಲಿಗೆ ಒಡ್ಡುವ ಮೈ ಕಡಿಮೆ ಮಾಡುತ್ತವೆ. ಕೊನೆಗೆ ಗಿಡ ಹಳೆಯ ಎಲೆಗಳನ್ನು ಉದುರಿಸುತ್ತದೆ. ಉದುರಿಸುವ ಮುಂಚೆ ಅದರಲ್ಲಿದ್ದ ಸಾರಜನಕ, ರಂಜಕ ಸಾಧ್ಯವಾದಷ್ಟು ವಾಪಸ್ ಎಳೆದುಕೊಳ್ಳುತ್ತದೆ. ಇಷ್ಟು ಅಚ್ಚುಕಟ್ಟಾಗಿ ನಡೆಯುವ ಕೆಲಸವನ್ನು ಸಾವಿನ ಗುರುತು ಎಂದು ನೋಡುವುದು ಸರಿಯಲ್ಲ.

ಕುಡಿದ ನೀರನ್ನೆಲ್ಲ ಗಾಳಿಗೇ ಬಿಡುತ್ತದಲ್ಲ, ಅದು ದಂಡ ಅಲ್ವಾ?

ಬೇರು ಎಳೆದ ನೀರಿನಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಎಲೆಯಿಂದ ಆವಿಯಾಗಿ ಹೋಗುತ್ತದೆ, ನಿಜ. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ರಂಧ್ರ ತೆರೆಯಲೇಬೇಕು. ತೆರೆದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಎರಡನ್ನೂ ಬಿಡಿಸಲು ಆಗುವುದಿಲ್ಲ. ಹಾಗೆ ಹೋಗುವ ನೀರೂ ಕೆಲಸ ಮಾಡಿಯೇ ಹೋಗುತ್ತದೆ. ಎಲೆಯನ್ನು ತಂಪಾಗಿಡುತ್ತದೆ, ಪೋಷಕಾಂಶ ಹೊತ್ತ ನೀರನ್ನು ಕೆಳಗಿನಿಂದ ಎಳೆಯುತ್ತದೆ. 115 ಮೀಟರ್ ಎತ್ತರದ ರೆಡ್‌ವುಡ್ ಮರದ ತುದಿಗೆ ನೀರು ಏರುವುದು ಈ ಎಳೆತದಿಂದಲೇ. ಪಂಪು ಇಲ್ಲ, ಗದ್ದಲ ಇಲ್ಲ.

ನೀರು ಉಳಿಸುವ ಜಾಣತನ ಕಲಿತ ಗಿಡಗಳೂ ಇವೆ. ಮುಸುಕಿನ ಜೋಳ, ಕಬ್ಬು, ರಾಗಿ ಇವು ಇಂಗಾಲದ ಡೈಆಕ್ಸೈಡನ್ನು ಎಲೆಯ ಒಳಗಿನ ಕೋಶಗಳಲ್ಲಿ ಒಟ್ಟುಗೂಡಿಸಿ ಬಳಸುತ್ತವೆ. ಹಾಗಾಗಿ ರಂಧ್ರ ಅರೆ ತೆರೆದರೂ ಸಾಕು. ಇವನ್ನು ಸಿ4 ಸಸ್ಯಗಳು ಎನ್ನುತ್ತಾರೆ. ಕಳ್ಳಿ, ಕತ್ತಾಳೆ, ಅನಾನಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅವು ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಹಗಲು ಬಾಗಿಲು ಮುಚ್ಚಿಕೊಂಡು ಅದರಿಂದ ಸಕ್ಕರೆ ಮಾಡುತ್ತವೆ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿದ್ದು ಹೊತ್ತೇರಿದಂತೆ ಹುಳಿ ಕಳೆದುಕೊಳ್ಳುವುದನ್ನು ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇಯ್ನ್ 1813ರಲ್ಲೇ ನಾಲಿಗೆಯಲ್ಲಿ ಕಂಡು ಪತ್ರ ಬರೆದಿದ್ದರು. ಅದರ ಹಿಂದಿನ ರಸಾಯನ ಬಿಡಿಸಲು ಮುಂದೆ ಬಹಳ ವರ್ಷ ಹಿಡಿಯಿತು.

ಮಧ್ಯಾಹ್ನ ಎಲೆ ಜೋತುಬೀಳುತ್ತದೆ. ಕೂಡಲೇ ನೀರು ಹಾಕಬೇಕಾ?

ಮೊದಲು ಮಣ್ಣು ಮುಟ್ಟಿ ನೋಡಿ. ಒಂದೆರಡು ಬೆರಳ ಗೆಣ್ಣಿನಷ್ಟು ಆಳದಲ್ಲಿ ತೇವ ಇದ್ದರೆ ಬೇಡ. ಸುಡುಬಿಸಿಲಲ್ಲಿ ಎಲೆಯಿಂದ ನೀರು ಹೋಗುವ ವೇಗಕ್ಕೆ ಬೇರು ಸಾಟಿಯಾಗುವುದಿಲ್ಲ. ಅಗಲ ಎಲೆಯ ಕುಂಬಳ, ಸೌತೆಯಂಥವು ಆಗ ಜೋತುಬೀಳುತ್ತವೆ. ಜೋತುಬಿದ್ದ ಎಲೆಗೆ ನೆತ್ತಿಯ ಬಿಸಿಲು ನೇರವಾಗಿ ಬೀಳುವುದಿಲ್ಲ, ಅಷ್ಟು ಲಾಭ. ಸಂಜೆಗೆ ಅವೇ ಎದ್ದು ನಿಲ್ಲುತ್ತವೆ. ಬೆಳಗಿನ ಜಾವದಲ್ಲೂ ಎಲೆ ಬಾಡಿಯೇ ಇದ್ದರೆ ಮಾತ್ರ ಅದು ನಿಜವಾದ ಕೊರತೆ.

ಬಿಸಿಲಲ್ಲಿ ನೀರು ಹಾಕಿದರೆ ಹನಿಗಳು ಭೂತಕನ್ನಡಿಯಾಗಿ ಎಲೆ ಸುಡುತ್ತವಂತೆ, ಹೌದಾ?

ನುಣುಪು ಎಲೆಯ ಮೇಲೆ ಹಾಗಾಗುವುದಿಲ್ಲ. ಹನಿ ಎಲೆಗೆ ಅಂಟಿಕೊಂಡು ಕೂತಿರುತ್ತದೆ, ಬೆಳಕು ಒಂದೆಡೆ ಸೇರುವ ಬಿಂದು ಎಲೆಯ ಕೆಳಗೆಲ್ಲೋ ಬೀಳುತ್ತದೆ. ಕೂದಲುಳ್ಳ ಎಲೆಯಲ್ಲಿ ಹನಿ ಮೇಲೆತ್ತಿ ನಿಂತಾಗ ಸ್ವಲ್ಪ ಸಾಧ್ಯತೆ ಇದೆ. ಆದರೂ ನೀರು ಹಾಕಲು ಬೆಳಗ್ಗೆಯೇ ವಾಸಿ, ಆವಿಯಾಗುವುದು ಕಡಿಮೆ.

ನೀರು ಜಾಸ್ತಿಯಾದಾಗಲೂ ಗಿಡ ಬಾಡುತ್ತದೆ. ಇದೇನು ವಿಚಿತ್ರ?

ಕುಂಡದ ಗಿಡಗಳು ಸಾಯುವುದು ಹೆಚ್ಚಾಗಿ ಹೀಗೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೇರು ಉಸಿರಾಡುತ್ತದೆ. ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇರುವವರೆಗೆ ತೊಂದರೆ ಇಲ್ಲ. ಸಂದೆಲ್ಲ ನೀರು ತುಂಬಿದರೆ ಕಥೆ ಬದಲಾಗುತ್ತದೆ, ಯಾಕೆಂದರೆ ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಬೇರಿಗೆ ಉಸಿರು ಕಟ್ಟುತ್ತದೆ. ಕೋಶದ ಒಳಗೆ ಆಮ್ಲತೆ ಏರಿ, ನೀರು ಒಳಬರುವ ಸೂಕ್ಷ್ಮ ದಾರಿಗಳೇ ಮುಚ್ಚಿಕೊಳ್ಳುತ್ತವೆ. ಸುತ್ತ ನೀರಿದ್ದೂ ಬೇರು ಕುಡಿಯಲಾರದು. ಎಲೆ ಬಾಡುತ್ತದೆ. ನಾವು ಅದನ್ನು ನೋಡಿ ಇನ್ನಷ್ಟು ನೀರು ಹಾಕುತ್ತೇವೆ! ಮಣ್ಣು ಹಸಿಯಾಗಿದ್ದು ಎಲೆ ಬಾಡಿದ್ದರೆ ನೀರು ನಿಲ್ಲಿಸಿ, ಕುಂಡದ ತಳದ ತೂತು ಕಟ್ಟಿದೆಯಾ ನೋಡಿ.

ಈ ಕಷ್ಟಕ್ಕೂ ಗಿಡಗಳು ದಾರಿ ಕಂಡುಕೊಂಡಿವೆ. ಭತ್ತದ ಬೇರಿನೊಳಗೆ ಗಾಳಿ ಓಡಾಡುವ ಪೊಳ್ಳು ನಾಳಗಳಿವೆ. ಮೆಕ್ಕೆಜೋಳ ಜವುಗಿಗೆ ಸಿಕ್ಕಾಗ ಬೇರಿನ ಕೆಲವು ಕೋಶಗಳನ್ನು ತಾನೇ ಕೊಂದು ಅಂಥ ಪೊಳ್ಳು ಮಾಡಿಕೊಳ್ಳುತ್ತದೆ.

ಗಿಡ ಪೂರ್ತಿ ಮುಳುಗಿದರೆ? ಭತ್ತದಲ್ಲಿ ಇದಕ್ಕೆ ಎರಡು ತದ್ವಿರುದ್ಧ ಉತ್ತರಗಳಿವೆ. ಒಂದು, ನೀರಿನ ಜೊತೆ ಪೈಪೋಟಿಗೆ ಬಿದ್ದು ಮೇಲೇಳುವುದು. ಆಳನೀರಿನ ಭತ್ತ ದಿನಕ್ಕೆ 20-25 ಸೆಂಟಿಮೀಟರ್‌ವರೆಗೆ ಉದ್ದವಾಗಬಲ್ಲದು. ಇದರ ಹಿಂದಿನ ಎರಡು ಜೀನ್‌ಗಳು 2009ರಲ್ಲಿ ತಿಳಿದವು. ತಿಂಗಳುಗಟ್ಟಲೆ ನೀರು ನಿಲ್ಲುವ ಕಡೆ ಇದು ಸರಿ. ಇನ್ನೊಂದು, ಉಸಿರು ಬಿಗಿಹಿಡಿದು ಅಲ್ಲಾಡದೆ ಕೂರುವುದು. ಒಡಿಶಾ ಮೂಲದ ಎಫ್‌ಆರ್13ಎ ಎಂಬ ತಳಿ ಹೀಗೆ ಮಾಡುತ್ತದೆ. ಅದರಲ್ಲಿರುವ ಸಬ್1ಎ ಎಂಬ ಜೀನನ್ನು 2006ರಲ್ಲಿ ಪತ್ತೆ ಮಾಡಿದರು. ಈ ಜೀನ್ ಬೆಳವಣಿಗೆಗೆ ಕಡಿವಾಣ ಹಾಕಿ ಇರುವ ಸಕ್ಕರೆಯನ್ನು ಉಳಿಸುತ್ತದೆ. ಅದನ್ನು ಸೇರಿಸಿದ ಸ್ವರ್ಣ-ಸಬ್1 ತಳಿ ಸುಮಾರು ಎರಡು ವಾರ ಮುಳುಗಿದ್ದರೂ ನೀರಿಳಿದ ಮೇಲೆ ಚಿಗುರುತ್ತದೆ. ಎರಡೂ ದಾರಿಗೆ ಒಂದೇ ಕುಟುಂಬದ ಜೀನ್‌ಗಳು, ಎರಡಕ್ಕೂ ಸೂಚನೆ ಎಥಿಲೀನ್‌ನಿಂದಲೇ. ಎಷ್ಟು ಸಲ ಓದಿದರೂ ನನಗೆ ಇದು ಬೆರಗು.

ಸೆಕೆಯಿಂದ ಗಿಡಕ್ಕೆ ಏನಾಗುತ್ತದೆ?

ಪ್ರೋಟೀನುಗಳು ಆಕಾರ ಕೆಡುತ್ತವೆ, ಕೋಶದ ಪೊರೆ ಸಡಿಲವಾಗುತ್ತದೆ. ತಾಪ ಏರಿದ ಕೆಲವೇ ನಿಮಿಷದಲ್ಲಿ ಗಿಡ ಉಷ್ಣ ಆಘಾತ ಪ್ರೋಟೀನುಗಳನ್ನು ಮಾಡತೊಡಗುತ್ತದೆ. ಅವು ಬೇರೆ ಪ್ರೋಟೀನುಗಳನ್ನು ಹಿಡಿದು ಆಕಾರ ಕಾಯುತ್ತವೆ. ನಮ್ಮ ಮೈಯಲ್ಲೂ ಇವು ಇವೆ.

ಎಲೆಗಿಂತ ಸೂಕ್ಷ್ಮ ಹೂವು. ಭತ್ತದ ಹೂ ಅರಳುವ ಹೊತ್ತಿಗೆ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಲಸ ಮಾಡದೆ ಕಾಳು ಜೊಳ್ಳಾಗುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ. ಟೊಮೆಟೊ ಹೂಬಿಟ್ಟು ಕಾಯಿ ಕಚ್ಚದಿರುವುದಕ್ಕೂ ಬಹಳ ಸಲ ಇದೇ ಕಾರಣ, ಅದರಲ್ಲೂ ರಾತ್ರಿಯ ಸೆಕೆ. ಅಂಥ ವಾರದಲ್ಲಿ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಮಧ್ಯಾಹ್ನಕ್ಕೆ ನೆರಳುಬಲೆ, ಬುಡಕ್ಕೆ ಒಣಎಲೆಯ ಹೊದಿಕೆ ಇವು ಸಹಾಯ ಮಾಡುತ್ತವೆ.

ಚಳಿಗೆ?

ಬೆಚ್ಚನೆ ನಾಡಿನ ಬಾಳೆ, ಟೊಮೆಟೊದಂಥ ಗಿಡಗಳಿಗೆ 10-12 ಡಿಗ್ರಿಗಿಂತ ಕೆಳಗೆ ಇಳಿದರೇ ತೊಂದರೆ. ಕೋಶದ ಪೊರೆಯ ಕೊಬ್ಬು ಗಡುಸಾಗುತ್ತದೆ. ಚಳಿನಾಡಿನ ಗಿಡಗಳು ಮೊದಲೇ ಆ ಕೊಬ್ಬಿನ ಬಗೆ ಬದಲಿಸಿಕೊಂಡು ಪೊರೆಯನ್ನು ಮೆತ್ತಗೆ ಇಡುತ್ತವೆ. ಹೆಪ್ಪುಗಟ್ಟುವ ಚಳಿಯಲ್ಲಿ ಮಂಜುಗಡ್ಡೆ ಕೋಶದ ಒಳಗೆ ಬೆಳೆದರೆ ಸಾವು, ಹೊರಗೆ ಸಂದಿನಲ್ಲಿ ಬೆಳೆದರೆ ಬದುಕಬಹುದು. ನಿಧಾನವಾಗಿ ಹದಗೊಂಡ ವಿಲ್ಲೋ ಮತ್ತು ಬರ್ಚ್ ಕಡ್ಡಿಗಳು ಪ್ರಯೋಗಶಾಲೆಯಲ್ಲಿ ದ್ರವ ಸಾರಜನಕದ ತಾಪ, ಅಂದರೆ ಮೈನಸ್ 196 ಡಿಗ್ರಿಯನ್ನೂ ತಡೆದುಕೊಂಡಿವೆ. 'ನಿಧಾನವಾಗಿ' ಎಂಬುದೇ ಇಲ್ಲಿ ಮುಖ್ಯ. ಅದೇ ಕಡ್ಡಿ ಬೇಸಿಗೆಯಲ್ಲಿ ಸಣ್ಣ ಹಿಮಕ್ಕೂ ಸಾಯುತ್ತದೆ.

ಸವಳು ಮಣ್ಣಿನಲ್ಲಿ ಗಿಡ ಯಾಕೆ ಕಮರುತ್ತದೆ?

ಎರಡು ಏಟು. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಬೇರಿಗೆ ನೀರೆಳೆಯುವುದು ಕಷ್ಟ. ಅದು ತಕ್ಷಣದ ಏಟು. ಆಮೇಲೆ ಸೋಡಿಯಂ ಎಲೆಯಲ್ಲಿ ಸೇರುತ್ತಾ ಹೋಗಿ ಪೊಟ್ಯಾಶಿಯಂ ಮಾಡಬೇಕಾದ ಕೆಲಸಕ್ಕೆ ಅಡ್ಡ ಬರುತ್ತದೆ. ಹಳೆಯ ಎಲೆಗಳ ಅಂಚು ಸುಟ್ಟಂತೆ ಕಂದಾಗುತ್ತದೆ. ಗಿಡ ಸೋಡಿಯಂ ಅನ್ನು ಬೇರಿನಿಂದ ಹೊರಗೆ ನೂಕುತ್ತದೆ, ಒಳಬಂದದ್ದನ್ನು ಕೋಶದ ಒಳಗಿನ ಚೀಲದಂಥ ರಸಕುಹರದಲ್ಲಿ ಕೂಡಿಹಾಕುತ್ತದೆ. ಉಪ್ಪುನೀರಿನ ಜವುಗಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಲ್ಲಿ ಕೆಲವು ಜಾತಿಗಳು ಬೇರಿನಲ್ಲೇ ಉಪ್ಪನ್ನು ಬಹುಪಾಲು ಸೋಸುತ್ತವೆ. ಇನ್ನು ಕೆಲವು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತವೆ, ಎಲೆಯ ಮೇಲೆ ಉಪ್ಪಿನ ಹರಳು ಕಾಣುತ್ತದೆ.

ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದರೆ ಗೊಬ್ಬರದ ಅಥವಾ ಗಡಸು ನೀರಿನ ಉಪ್ಪು ಸೇರಿದೆ ಎಂದರ್ಥ. ತಳದಿಂದ ಹರಿದುಹೋಗುವಷ್ಟು ನೀರು ಒಮ್ಮೆ ಧಾರಾಳವಾಗಿ ಹಾಯಿಸಿ.

ಎಲೆ ಹಳದಿಯಾಗಿದೆ. ಯಾವುದರ ಕೊರತೆ?

ಹಳದಿಯಾದದ್ದು ಹಳೆಯ ಎಲೆಯೋ ಹೊಸದೋ, ಅದನ್ನು ಮೊದಲು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸಾರಜನಕ, ರಂಜಕ, ಪೊಟ್ಯಾಶಿಯಂ, ಮೆಗ್ನೀಶಿಯಂ ಇವನ್ನು ಗಿಡ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲದು. ಕೊರತೆಯಾದಾಗ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಬುಡದ ಎಲೆ ಮೊದಲು ಬಣ್ಣ ಕಳೆದುಕೊಳ್ಳುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಒಮ್ಮೆ ಕೂತ ಜಾಗ ಬಿಟ್ಟು ಕದಲುವುದಿಲ್ಲ. ಅವುಗಳ ಕೊರತೆ ಹೊಸ ಎಲೆಯಲ್ಲೇ ಕಾಣುತ್ತದೆ. ನರಗಳು ಹಸಿರು, ನಡುವೆ ಹಳದಿ ಇದ್ದರೆ ಕಬ್ಬಿಣದ ಮೇಲೆ ಅನುಮಾನಪಡಿ. ಮಣ್ಣಿನಲ್ಲಿ ಕಬ್ಬಿಣ ಇದ್ದೂ ಸುಣ್ಣದ ಅಂಶ ಜಾಸ್ತಿಯಾಗಿ ಗಿಡಕ್ಕೆ ಸಿಗದಿರುವುದೂ ಉಂಟು.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ಕಾಯಿಗೆ ತಲುಪದೆ. ಕ್ಯಾಲ್ಸಿಯಂ ನೀರಿನ ಜೊತೆಯೇ ಪಯಣಿಸುತ್ತದೆ. ಒಂದು ದಿನ ಪ್ರವಾಹ, ನಾಲ್ಕು ದಿನ ಬರ ಎಂಬಂತೆ ನೀರು ಕೊಟ್ಟರೆ ಮಣ್ಣಿನಲ್ಲಿದ್ದೂ ತಲುಪುವುದಿಲ್ಲ.

ಸಸಿ ಉದ್ದುದ್ದ, ಸಣಕಲಾಗಿ, ಬಿಳಿಚಿಕೊಂಡು ಬೆಳೆಯುತ್ತಿದೆ. ರೋಗವಾ?

ಬೆಳಕು ಸಾಲುತ್ತಿಲ್ಲ. ಸಸಿ ಇದ್ದಬದ್ದ ಶಕ್ತಿಯನ್ನೆಲ್ಲ ಉದ್ದವಾಗಲು ಸುರಿದು ಬೆಳಕು ಹುಡುಕುತ್ತಿದೆ. ಪಕ್ಕದ ಗಿಡದ ಎಲೆ ಕೆಂಪು ಬೆಳಕನ್ನು ಹೀರಿ, ಕೆಂಪಿನ ಆಚೆ ಅಂಚಿನ ದೂರಗೆಂಪು ಬೆಳಕನ್ನು ಬಿಡುತ್ತದೆ. ಈ ವ್ಯತ್ಯಾಸವನ್ನು ಫೈಟೋಕ್ರೋಮ್ ಎಂಬ ಪ್ರೋಟೀನು ಗ್ರಹಿಸುತ್ತದೆ. ಹಾಗಾಗಿ ನೆರಳು ಬೀಳುವ ಮೊದಲೇ 'ಪಕ್ಕದಲ್ಲಿ ಯಾರೋ ಇದ್ದಾರೆ' ಎಂದು ಗಿಡಕ್ಕೆ ತಿಳಿಯುತ್ತದೆ. ಹಾಗಂತ ನೆರಳಿನ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ಇಡಬೇಡಿ. ನೆರಳಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ, ಬಿಸಿಲಿಗೆ ಬೆಳ್ಳಗೆ ಸುಡುತ್ತದೆ. ಒಂದೆರಡು ವಾರದಲ್ಲಿ ದಿನದಿನಕ್ಕೆ ಹೆಚ್ಚಿಸುತ್ತಾ ಹೋಗಿ.

ಗಾಳಿಗೆ ಓಲಾಡುವ ಗಿಡಕ್ಕೆ ಕೋಲು ಕಟ್ಟಲೇಬೇಕಾ?

ಬಳ್ಳಿಗೆ ಬೇಕು. ಎಳೆಯ ಮರಕ್ಕೆ ಬಿಗಿಯಾಗಿ ಕಟ್ಟಿದರೆ ಕೆಡುಕೇ ಜಾಸ್ತಿ. ಓಲಾಡಿದ ಕಾಂಡ ಕುಳ್ಳಗೆ, ದಪ್ಪಗೆ, ಗಟ್ಟಿಯಾಗಿ ಬೆಳೆಯುತ್ತದೆ. ಬರೀ ಬೆರಳಿಂದ ದಿನಾ ಸವರಿದರೂ ಹೀಗಾಗುವುದನ್ನು ಸಸ್ಯವಿಜ್ಞಾನಿ ಮಾರ್ಕ್ ಜಾಫ್ 1973ರಲ್ಲಿ ವಿವರಿಸಿದರು. ಕಟ್ಟಲೇಬೇಕಾದರೆ ಸಡಿಲವಾಗಿ ಕಟ್ಟಿ, ಬೇರು ಊರಿದ ಮೇಲೆ ಬಿಚ್ಚಿ.

ಗಿಡಕ್ಕೆ ನೋವಾಗುತ್ತದಾ? ಅದು ಕೂಗುತ್ತದೆ ಅಂತಲೂ ಕೇಳಿದ್ದೇನೆ.

ನರಮಂಡಲ ಇಲ್ಲ, ಮಿದುಳಿಲ್ಲ. ನಮಗಾಗುವಂಥ ನೋವು ಇದೆ ಎನ್ನಲು ಆಧಾರವಿಲ್ಲ. ಆದರೆ ಗಾಯದ ಸುದ್ದಿ ಮಾತ್ರ ಬೇಗ ಹರಡುತ್ತದೆ. ಹುಳ ಒಂದು ಎಲೆ ಕಡಿದಾಗ ಕ್ಯಾಲ್ಸಿಯಂನ ಅಲೆ ಒಂದೆರಡು ನಿಮಿಷದಲ್ಲಿ ದೂರದ ಎಲೆ ತಲುಪುವುದನ್ನು 2018ರಲ್ಲಿ ಹೊಳೆಯುವ ಪ್ರೋಟೀನು ಬಳಸಿ ಚಿತ್ರೀಕರಿಸಿದರು. ಆ ಎಲೆಗಳು ಹುಳಕ್ಕೆ ಒಗ್ಗದ ವಸ್ತುಗಳನ್ನು ಮಾಡತೊಡಗುತ್ತವೆ. ಕಂಬಳಿಹುಳ ತಿಂದ ಮೆಕ್ಕೆಜೋಳ ಗಾಳಿಗೆ ಒಂದು ವಾಸನೆ ಬಿಡುತ್ತದೆ. ಆ ವಾಸನೆ ಹಿಡಿದು, ಕಂಬಳಿಹುಳದೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜ ಬರುತ್ತದೆ.

ಸದ್ದಿನ ಮಾತೂ ನಿಜ. 2023ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ನೀರಿಲ್ಲದ ಮತ್ತು ಕಾಂಡ ಕತ್ತರಿಸಿದ ಟೊಮೆಟೊ, ತಂಬಾಕು ಗಿಡಗಳು ಗಂಟೆಗೆ ಹತ್ತಾರು ಸಲ 'ಟಕ್' ಎನ್ನುವುದನ್ನು ದಾಖಲಿಸಿದರು. ಸುಖವಾಗಿರುವ ಗಿಡ ಗಂಟೆಗೆ ಒಂದು ಸಲವೂ ಇಲ್ಲ. ಇದು 40-80 ಕಿಲೋಹರ್ಟ್ಸ್‌ನ ಸದ್ದು, ನಮ್ಮ ಕಿವಿಗೆ ನಿಲುಕದು. ನೀರಿನ ನಾಳದಲ್ಲಿ ಗುಳ್ಳೆ ಒಡೆಯುವುದು ಇದಕ್ಕೆ ಕಾರಣ ಇರಬಹುದು. ಇದನ್ನು ಕೂಗು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಬೇಕೆಂದು ಮಾಡುವ ಸದ್ದು ಎಂದು ಯಾರೂ ತೋರಿಸಿಲ್ಲ.

ಕಷ್ಟ ಕಂಡ ಗಿಡ ಮುಂದಿನ ಸಲ ಗಟ್ಟಿಯಾಗುತ್ತದಾ?

ಒಂದು ಮಟ್ಟಿಗೆ ಹೌದು. ಸಣ್ಣ ಬರ ಕಂಡ ಗಿಡ ಎರಡನೇ ಬರಕ್ಕೆ ಬೇಗ ಸಜ್ಜಾಗುತ್ತದೆ. ಡಿಎನ್ಎ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲೆ ರಾಸಾಯನಿಕ ಗುರುತು ಉಳಿದು, ಬೇಕಾದ ಜೀನ್‌ಗಳು ಚುರುಕಾಗಿರುತ್ತವೆ. ಚಳಿಗಾಲದ ಗೋಧಿ ಕೆಲವು ವಾರ ಚಳಿ ಅನುಭವಿಸದೆ ಸರಿಯಾಗಿ ತೆನೆ ಬಿಡುವುದಿಲ್ಲ, ಅದೂ ಒಂದು ಬಗೆಯ ನೆನಪೇ. ನೆಡುವ ಮುಂಚೆ ಸಸಿಗೆ ಸ್ವಲ್ಪ ನೀರು ಕಡಿಮೆ ಮಾಡಿ, ಬಿಸಿಲು ಗಾಳಿಗೆ ಒಡ್ಡಿ ಹದಗೊಳಿಸುವ ಪದ್ಧತಿ ನಿಂತಿರುವುದು ಇಂಥ ಗುಣದ ಮೇಲೆ. ಆದರೆ ಏಟು ಸಣ್ಣದಿರಬೇಕು.

ಬೇರಿನ ಶಿಲೀಂಧ್ರ ಒಳ್ಳೆಯದಾ, ಕೆಟ್ಟದ್ದಾ?

ಬೇರು ಕೊಳೆಸುವವೂ ಇವೆ. ಆದರೆ ನೆಲದ ಸಸ್ಯಗಳಲ್ಲಿ ಬಹುಪಾಲಿಗೆ ಮೈಕೊರೈಜಾ ಎಂಬ ಶಿಲೀಂಧ್ರಗಳ ಸ್ನೇಹವಿದೆ. ಬೇರುಗೂದಲಿಗೂ ಸಿಗದ ಸಂದಿನಿಂದ ಅವು ರಂಜಕ, ನೀರು ತಂದುಕೊಡುತ್ತವೆ. ಗಿಡ ಸಕ್ಕರೆ ಮತ್ತು ಕೊಬ್ಬು ಕೊಡುತ್ತದೆ. ಸ್ಕಾಟ್ಲೆಂಡಿನಲ್ಲಿ ಸಿಕ್ಕ 40 ಕೋಟಿ ವರ್ಷ ಹಿಂದಿನ ಪಳೆಯುಳಿಕೆಯಲ್ಲೂ ಈ ಜೋಡಿ ಇದೆ. ರಂಜಕದ ಗೊಬ್ಬರ ಅತಿಯಾದರೆ ಗಿಡ ಈ ಸ್ನೇಹ ಕಡಿಮೆ ಮಾಡಿಕೊಳ್ಳುತ್ತದೆ.

ಪೂರ್ತಿ ಒಣಗಿಯೂ ಬದುಕುವ ಗಿಡಗಳಿವೆಯಾ?

ಇವೆ. ಕ್ರೇಟೆರೊಸ್ಟಿಗ್ಮಾ, ಕೆಲವು ಸೆಲಾಜಿನೆಲ್ಲಾಗಳು ಮೈಯ ನೀರಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕಳೆದುಕೊಂಡು ಮುದುಡಿ ಕೂರುತ್ತವೆ. ಮಳೆ ಬಿದ್ದರೆ ಒಂದೆರಡು ದಿನದಲ್ಲಿ ಹಸಿರು. ಕೋಶದೊಳಗೆ ಸಕ್ಕರೆ ಗಾಜಿನಂತೆ ಗಟ್ಟಿಯಾಗಿ ಎಲ್ಲವನ್ನೂ ಇದ್ದಲ್ಲೇ ಹಿಡಿದಿಡುತ್ತದೆ. ಬೀಜಗಳ ಗುಟ್ಟೂ ಇದೇ. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷದ ಖರ್ಜೂರದ ಬೀಜ 2005ರಲ್ಲಿ ಮೊಳೆತು ಗಿಡವಾಯಿತು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಗಿಡಗಳಿಗೆ ಒಳ್ಳೆಯದಲ್ಲವಾ?

ಅರ್ಧ ನಿಜ. ಕೈಗಾರಿಕೆಗಳ ಯುಗಕ್ಕೆ ಮುಂಚೆ ದಶಲಕ್ಷದಲ್ಲಿ 280 ಭಾಗ ಇದ್ದದ್ದು ಈಗ 420 ದಾಟಿದೆ. ಭತ್ತ, ಗೋಧಿಯಂಥವು ಇದರಿಂದ ಹೆಚ್ಚು ಸಕ್ಕರೆ ಮಾಡುತ್ತವೆ, ನೀರೂ ಕಡಿಮೆ ಸಾಕು. ಆದರೆ ಕಾಳಿನಲ್ಲಿ ಪ್ರೋಟೀನು, ಸತು, ಕಬ್ಬಿಣ ಇಳಿಯುತ್ತದೆ. ಸಿ4 ಬೆಳೆಗಳಿಗೆ ಲಾಭ ಅಷ್ಟಾಗಿ ಇಲ್ಲ. ಜೊತೆಗೇ ಬರುವ ಸೆಕೆ ಮತ್ತು ಬರ ಬಂದ ಲಾಭವನ್ನೂ ನುಂಗಬಹುದು. ಇವೆರಡು ಒಟ್ಟಿಗೆ ಬಂದಾಗ ಗಿಡಕ್ಕೆ ನಿಜವಾದ ಇಕ್ಕಟ್ಟು. ಸೆಕೆಗೆ ತಂಪಾಗಲು ರಂಧ್ರ ತೆರೆಯಬೇಕು, ಬರಕ್ಕೆ ನೀರುಳಿಸಲು ಮುಚ್ಚಬೇಕು. ಯಾವುದು ಮಾಡಿದರೂ ನಷ್ಟವೇ. ಮುಂದಿನ ದಿನಗಳ ಬೆಳೆಯ ಬಗ್ಗೆ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇದೇ.

ಎಲ್ಲ ಒತ್ತಡ ತಡೆಯುವ ಒಂದು ತಳಿ ಮಾಡಿಬಿಡಬಹುದಲ್ಲ?

ಪ್ರಯತ್ನಗಳು ನಡೆದಿವೆ. ಬರ, ಉಪ್ಪು, ಚಳಿ ಮೂರಕ್ಕೂ ಸ್ಪಂದಿಸುವ ಜೀನ್‌ಗಳನ್ನು ಚಾಲೂ ಮಾಡುವ ಒಂದು ಜೀನನ್ನು ಜಪಾನಿನ ವಿಜ್ಞಾನಿಗಳು ಅರಬಿಡಾಪ್ಸಿಸ್‌ನಲ್ಲಿ ಸದಾ ಕೆಲಸ ಮಾಡುವಂತೆ ಇಟ್ಟರು. ಗಿಡ ಗಟ್ಟಿಯಾಯಿತು, ಆದರೆ ಕುಳ್ಳಾಯಿತು. ಕಷ್ಟ ಬಂದಾಗ ಮಾತ್ರ ಅದು ಚಾಲೂ ಆಗುವಂತೆ ಮಾಡಿದಾಗ ಕುಳ್ಳತನ ಬಹುಪಾಲು ತಪ್ಪಿತು. 1999ರಲ್ಲಿ ಪ್ರಕಟವಾದ ಫಲಿತಾಂಶ ಇದು. ಸದಾ ಎಚ್ಚರವಾಗಿರುವ ಗಿಡ ಬೆಳೆಯಲಾರದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ಸೊರಗಿದ ಗಿಡಕ್ಕೆ ಗೊಬ್ಬರ ಕೊಟ್ಟರೆ ಚೇತರಿಸಿಕೊಳ್ಳುತ್ತದಾ?

ಪೋಷಕಾಂಶದ ಕೊರತೆಯಿಂದಲೇ ಸೊರಗಿದ್ದರೆ ಸರಿ. ಬರ, ಸೆಕೆ, ಬೇರುಕೊಳೆಯಿಂದ ಸೊರಗಿದ್ದರೆ ಬೇಡ. ಗೊಬ್ಬರವೂ ಉಪ್ಪೇ, ದಣಿದ ಬೇರಿಗೆ ನೀರೆಳೆಯುವುದು ಇನ್ನೂ ಕಷ್ಟವಾಗುತ್ತದೆ. ಹೊಸ ಚಿಗುರು ಕಂಡ ಮೇಲೆ ತೆಳುವಾಗಿ ಕೊಡಿ.

ಎಲೆಯೆಲ್ಲ ಉದುರಿದೆ. ಸತ್ತಿದೆಯೋ ಬದುಕಿದೆಯೋ ತಿಳಿಯುವುದು ಹೇಗೆ?

ಉಗುರಿನಿಂದ ಎಳೆಯ ಕೊಂಬೆಯ ತೊಗಟೆ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಆ ಕೊಂಬೆಗೆ ಜೀವ ಇದೆ. ಕಂದು ಬಣ್ಣ, ಒಣಕಲು ಇದ್ದರೆ ಇನ್ನಷ್ಟು ಕೆಳಗೆ ಕೆರೆದು ನೋಡಿ. ತುದಿ ಒಣಗಿ ಬುಡ ಹಸಿಯಿರುವುದು ಸಾಮಾನ್ಯ. ಹಸಿರು ಸಿಕ್ಕ ಜಾಗದವರೆಗೆ ಮಾತ್ರ ಕತ್ತರಿಸಿ. ಬುಡದವರೆಗೂ ಒಣಗಿದ್ದರೂ ಬೇರು ಗಟ್ಟಿಯಾಗಿ, ಬೆಳ್ಳಗೆ ಇದ್ದರೆ ಬುಡದಿಂದ ಚಿಗುರುವ ಜಾತಿಗಳು ಬಹಳ. ಬೇರು ಮೆತ್ತಗೆ ಕಪ್ಪಾಗಿ ವಾಸನೆ ಬರುತ್ತಿದ್ದರೆ ಆಸೆ ಕಡಿಮೆ. ಅನುಮಾನವಿದ್ದರೆ ಮಣ್ಣನ್ನು ತುಸು ತೇವವಾಗಿಟ್ಟು, ನೆರಳಲ್ಲಿ ಕೆಲವು ವಾರ ಬಿಡಿ. ಚಳಿಗೆ ಒಣಗಿದ ಗಿಡವಾದರೆ ಬೆಚ್ಚನೆ ದಿನಗಳು ಬರುವವರೆಗೂ ಕೀಳಬೇಡಿ.